ಯಂತ್ರದ ಹಸಿವು ಮತ್ತು ಹನ್ನೊಂದು ಎಕರೆ ಗದ್ದೆ

ನಮ್ಮೂರಿನ ಐದು ಮನೆಗಳು ಕೂಡಿ ಹಳೆಯ ಮಿನಿ ಟ್ರ್ಯಾಕ್ಟರ್ ಒಂದನ್ನು ಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆ ಎರಡು ತಿಂಗಳಿನಿಂದ ಜಗುಲಿಯಿಂದ ಜಗುಲಿಗೆ ಸುತ್ತುತ್ತಿದೆ. ಪಕ್ಕದ ತಾಲ್ಲೂಕಿನಲ್ಲಿ ಕೃಷಿ ಯಂತ್ರಗಳನ್ನು ಬಾಡಿಗೆಗೆ ಕೊಡುವವರೊಬ್ಬರು ತಮ್ಮಲ್ಲಿರುವ ಆರು ಸಣ್ಣ ಟ್ರ್ಯಾಕ್ಟರುಗಳಲ್ಲಿ ಎರಡನ್ನು ಮಾರಲು ಹೊರಟಿದ್ದಾರೆ. ನಾನು ಕೃಷಿ ವಿಜ್ಞಾನ ಓದಿದವನಾದ್ದರಿಂದ ತೀರ್ಪು ಹೇಳಬೇಕಾದವನೂ ನಾನೇ ಎಂಬುದು ಊರವರ ನಂಬಿಕೆ. ನನ್ನ ಡಾಕ್ಟರೇಟು ಮಣ್ಣಿನ ಕುರಿತಾದುದೇ ಹೊರತು ಕ್ಲಚ್ ಪ್ಲೇಟಿನ ಕುರಿತಾದುದಲ್ಲ ಎಂದು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ.

ಬೆಟ್ಟ, ಹೊಳೆ, ಕಾಡುಗಳ ಮಾತಾಡುವ ನಮ್ಮ ಈ ಪತ್ರಿಕೆಯಲ್ಲಿ ಹಳೆಯ ಟ್ರ್ಯಾಕ್ಟರಿನ ವ್ಯಾಪಾರದ ಸುದ್ದಿಯೇಕೆ ಎಂದು ಕೆಲವರಿಗೆ ಅನಿಸೀತು. ಮೊದಲಿಗೆ ನನಗೂ ಹಾಗೆಯೇ ಅನಿಸಿತ್ತು. ಲೆಕ್ಕ ಬರೆಯಲು ಕುಳಿತ ಮೇಲೆ ತಿಳಿಯಿತು: ನಮ್ಮೂರಿನ ಕಣಿವೆಯಲ್ಲಿ ಗದ್ದೆ ಉಳಿಯುತ್ತದೆಯೇ, ಅದರ ಮೇಲಿನ ಬ್ಯಾಣ ಬ್ಯಾಣವಾಗಿಯೇ ಇರುತ್ತದೆಯೇ ಎಂಬ ಎರಡು ಪ್ರಶ್ನೆಗಳೂ ಈ ಒಂದು ವ್ಯಾಪಾರದೊಳಗೆ ಅಡಗಿ ಕುಳಿತಿವೆ.

ಗದ್ದೆಯ ಮಾತಿನಿಂದಲೇ ತೊಡಗುತ್ತೇನೆ. ಐದು ಮನೆಗಳ ಪಾಲಿಗೆ ಇಂದು ಉಳಿದಿರುವುದು ಒಟ್ಟು ಹನ್ನೊಂದು ಎಕರೆ ಗದ್ದೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಇದರ ಎರಡರಷ್ಟಾದರೂ ಇತ್ತು. ಉಳಿದುದು ಅಡಿಕೆ ತೋಟವಾಯಿತು, ಒಂದಷ್ಟು ಹಡಿಲು ಬಿದ್ದು ಜಡ್ಡು ಬೆಳೆಯಿತು. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಅಡಿಕೆಯ ಧಾರಣೆಯ ಮುಂದೆ ಭತ್ತದ ಬೆಲೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹೂಟಿಗೆ ಎತ್ತುಗಳಿಲ್ಲ, ನೆಟ್ಟಿಗೆ ಆಳುಗಳಿಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿದು ತೀರಿಸುತ್ತಿದ್ದ ಮುಯ್ಯಾಳಿನ ಕ್ರಮ, ದುಡಿಯುವ ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ತಾನಾಗಿಯೇ ನಿಂತಿತು.

ಗದ್ದೆ ತೋಟವಾದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಭತ್ತದ ಲೆಕ್ಕ ಹೇಳುವುದಿಲ್ಲ, ನೀರಿನ ಲೆಕ್ಕ ಹೇಳುತ್ತೇನೆ. ಅಂಚು ಕಟ್ಟಿದ ಒಂದು ಎಕರೆ ಗದ್ದೆಯಲ್ಲಿ ಎರಡು ಅಂಗುಲ ನೀರು ನಿಂತರೆ ಅದು ಸುಮಾರು ಎರಡು ಲಕ್ಷ ಲೀಟರ್. ಹನ್ನೊಂದು ಎಕರೆಗೆ ಇಪ್ಪತ್ತೆರಡು ಲಕ್ಷ. ಮಳೆಗಾಲದುದ್ದಕ್ಕೂ ಈ ನೀರು ಬರುತ್ತದೆ, ನಿಲ್ಲುತ್ತದೆ, ನಿಧಾನವಾಗಿ ಇಂಗುತ್ತದೆ, ಮತ್ತೆ ತುಂಬುತ್ತದೆ. ಅಡಿಕೆಗಾದರೋ ಬಸಿಗಾಲುವೆ ತೆಗೆಯಲೇಬೇಕು. ಬಿದ್ದ ನೀರು ಆದಷ್ಟು ಬೇಗ ಹಳ್ಳ ಸೇರಬೇಕು, ಇಲ್ಲವಾದರೆ ಬೇರು ಕೊಳೆಯುತ್ತದೆ. ಗದ್ದೆಯ ಕೆಳಗಿನ ಮನೆಗಳ ಬಾವಿ ಮಾರ್ಚಿಯಲ್ಲಿ ಯಾವ ಮಟ್ಟದಲ್ಲಿರುತ್ತದೆ ಎಂಬುದು ಮೇಲಿನ ಗದ್ದೆಯಲ್ಲಿ ಜುಲೈಯಲ್ಲಿ ನಿಂತ ನೀರಿನ ಮೇಲೆಯೂ ನಿಂತಿದೆ.

ಹಾಗಾದರೆ ಗದ್ದೆ ಮಾಡೋಣವೆಂದರೆ ಕೆಸರು ಹದಕ್ಕೆ ಯಂತ್ರ ಬೇಕು. 2014-15ರಲ್ಲಿ ಸರ್ಕಾರ ‘ಕೃಷಿ ಯಂತ್ರಧಾರೆ’ಯನ್ನು ಹೋಬಳಿ ಮಟ್ಟದಲ್ಲಿ ತೊಡಗಿಸಿದಾಗ ನಾನು ಮನಸಾರೆ ಸ್ವಾಗತಿಸಿದವನು. ಯಂತ್ರವೊಂದನ್ನು ಹತ್ತಾರು ಜನ ಹಂಚಿಕೊಂಡು ಬಳಸುವುದಕ್ಕಿಂತ ಮಿತವ್ಯಯದ ಮಾರ್ಗ ಬೇರೆ ಇಲ್ಲವೆಂದು ಇಂದಿಗೂ ನಂಬಿದ್ದೇನೆ. ಖಾಸಗಿ ಬಾಡಿಗೆದಾರರೂ ಈಗ ಸಾಕಷ್ಟಿದ್ದಾರೆ. ತೊಡಕಿರುವುದು ದರದಲ್ಲಲ್ಲ, ದಿನದಲ್ಲಿ. ಮಳೆಯಾಶ್ರಿತ ಗದ್ದೆಗಳಿಗೆಲ್ಲ ಯಂತ್ರ ಬೇಕಾಗುವುದು ಆರ್ದ್ರಾ, ಪುನರ್ವಸು ಮಳೆಗಳ ನಡುವಿನ ಅದೇ ಹದಿನೈದಿಪ್ಪತ್ತು ದಿನಗಳಲ್ಲಿ. ಬಯಲಿನ ದೊಡ್ಡ ಗದ್ದೆಗಳ ಕೆಲಸ ಮುಗಿಸಿ, ತುಂಡುತುಂಡಾದ ನಮ್ಮ ಕಣಿವೆಗೆ ಬಾಡಿಗೆ ಯಂತ್ರ ಬರುವ ಹೊತ್ತಿಗೆ ಅಗೆ ಬಲಿತು ಗಂಟು ಬಿಟ್ಟಿರುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಸರದಿ ಬಂದಾಗ ಅಗೆಗೆ ನಲವತ್ತೆರಡು ದಿನ ಆಗಿತ್ತು. ಅಂಥ ಸಸಿಯನ್ನು ನೆಟ್ಟರೆ ತೆಂಡೆ ಒಡೆಯುವುದಿಲ್ಲ. ಒಂದು ಮನೆಯವರು ನೆಡುವುದನ್ನೇ ಬಿಟ್ಟರು. ಮುಂದಿನ ವರ್ಷ ಅಡಿಕೆ ಸಸಿ ಇಡುವುದೆಂದು ಅವರು ಆಗಲೇ ಹೇಳಿದ್ದಾರೆ.

ಟಿಲ್ಲರ್ ಸಾಕಲ್ಲವೆ ಎಂಬ ಮಾತೂ ಬಂತು. ಎರಡಡಿ ಅಗಲ ಉಳುತ್ತ ಒಂದು ಎಕರೆಗೆ ಒಂದು ಸುತ್ತು ಹೊಡೆಯಬೇಕಾದರೆ ಅದರ ಹಿಂದೆ ಕೆಸರಿನಲ್ಲಿ ಸುಮಾರು ಆರೂವರೆ ಕಿಲೋಮೀಟರ್ ನಡೆಯಬೇಕು. ನಮ್ಮಲ್ಲಿ ಹಿಡಿಕೆ ಹಿಡಿಯಲು ಉಳಿದಿರುವವರೆಲ್ಲ ಐವತ್ತು ದಾಟಿದವರು. ದೊಡ್ಡ ಟ್ರ್ಯಾಕ್ಟರಿನ ಮಾತನ್ನು ಯಾರೂ ಎತ್ತಲಿಲ್ಲ. ಎರಡು ಟನ್ ತೂಗುವ ಯಂತ್ರ ಕಣಿವೆಯ ಗದ್ದೆಗಿಳಿದರೆ ತಲೆಮಾರುಗಳ ಹೂಟಿಯಿಂದ ಅಡಿಯಲ್ಲಿ ಕೂತ ಗಟ್ಟಿ ಪದರವನ್ನೇ ಒಡೆದು ಹೂತುಹೋಗುತ್ತದೆ. ಆ ಪದರ ಒಡೆದ ಗದ್ದೆಯಲ್ಲಿ ಮತ್ತೆ ನೀರು ನಿಲ್ಲುವುದಿಲ್ಲ. ಒಂದು ಟನ್ನಿನ ಒಳಗಿರುವ ಮಿನಿ ಟ್ರ್ಯಾಕ್ಟರೇ ನಮಗೆ ಒಗ್ಗುವಂಥದು ಎಂಬಲ್ಲಿ ಎಲ್ಲರೂ ಒಪ್ಪಿದರು.

ಇನ್ನು ಲೆಕ್ಕ. ವಿದ್ಯಾರ್ಥಿ ಮಿತ್ರರು ಇದನ್ನು ಕಾಗದ ಪೆನ್ಸಿಲು ಹಿಡಿದೇ ಓದಬೇಕೆಂದು ಕೋರುತ್ತೇನೆ.

ನಾವು ನೋಡಿದ ಯಂತ್ರದ ಬೆಲೆ, ರೋಟವೇಟರ್ ಮತ್ತು ಕೇಜ್ ವೀಲ್ ಸೇರಿ, 2,60,000 ರೂಪಾಯಿ. ಆರು ವರ್ಷ ಬಳಸಿ 80,000ಕ್ಕೆ ಮಾರಿದೆವೆಂದುಕೊಳ್ಳೋಣ. ವರ್ಷಕ್ಕೆ ಸವಕಳಿ 30,000. ತೊಡಗಿಸಿದ ಹಣದ ಸರಾಸರಿ 1,70,000ಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ 17,000. ವಿಮೆ, ಮಾಡು ಇತ್ಯಾದಿಗೆ 5,000. ಯಂತ್ರ ಓಡಲಿ, ಕೊಟ್ಟಿಗೆಯಲ್ಲಿ ನಿಲ್ಲಲಿ, ವರ್ಷಕ್ಕೆ 52,000 ರೂಪಾಯಿ ತಪ್ಪಿದ್ದಲ್ಲ. ಓಡಿದಾಗ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್, ಲೀಟರಿಗೆ 90ರಂತೆ 225; ದುರಸ್ತಿ, ಆಯಿಲ್, ಬ್ಲೇಡುಗಳಿಗೆ 120; ಓಡಿಸುವವರಿಗೆ 120; ಒಟ್ಟು 465.

ನಮಗೆ ವರ್ಷಕ್ಕೆ ನಿಜವಾಗಿ ಬೇಕಾದ ಗಂಟೆಗಳೆಷ್ಟು? ಗದ್ದೆಗೆ ಎಕರೆಗೆ ನಾಲ್ಕರಂತೆ 44. ಗೊಬ್ಬರ, ದರಕು, ಹುಲ್ಲು, ಅಡಿಕೆ ಗೊನೆ ಸಾಗಿಸಲು 50. ಒಕ್ಕಣೆಗೂ ಪಂಪಿಗೂ 16. ಒಟ್ಟು 110. ಅಂದರೆ 52,000ವನ್ನು 110ರಿಂದ ಭಾಗಿಸಿದರೆ ಗಂಟೆಗೆ 473, ಅದಕ್ಕೆ 465 ಸೇರಿ 938 ರೂಪಾಯಿ. ಕಳೆದ ವರ್ಷ ನಾವು ತೆತ್ತ ಬಾಡಿಗೆ ಗಂಟೆಗೆ 800. ಲೆಕ್ಕ ಇಲ್ಲಿಗೇ ಮುಗಿದಿದ್ದರೆ ಕೊಳ್ಳಬೇಡಿ ಎಂದು ಹೇಳಿ ನಾನು ಕೈತೊಳೆದುಕೊಳ್ಳುತ್ತಿದ್ದೆ.

ಆದರೆ ಮೊದಲ ದಿನ ಈ ಅಂಕೆಗಳನ್ನು ಓದಿದ ಕೂಡಲೇ ಜಗುಲಿಯಲ್ಲಿದ್ದವರ ಬಾಯಿಂದ ಬಂದ ಮಾತು ಬೇರೆಯೇ ಆಗಿತ್ತು: “ಹಾಗಾದರೆ ಗಂಟೆ ಹೆಚ್ಚು ಮಾಡುವಾ.” ಎಷ್ಟು ಸಹಜವಾದ ಮಾತು! ವರ್ಷಕ್ಕೆ 400 ಗಂಟೆ ಓಡಿಸಿದರೆ ಗಂಟೆಯ ವೆಚ್ಚ 595ಕ್ಕೆ ಇಳಿಯುತ್ತದೆ. ಹೆಚ್ಚಿನ ಆ 290 ಗಂಟೆಗಳು ಎಲ್ಲಿಂದ ಬರಬೇಕು? ಹನ್ನೊಂದು ಎಕರೆ ಗದ್ದೆ ಹದಿನೆಂಟು ಆಗುವುದಿಲ್ಲ. ಗಂಟೆಗಳಿರುವುದು ಮೇಲೆ, ಬ್ಯಾಣದಲ್ಲಿ. ಶುಂಠಿಗೆ ಗೇಣಿ ಕೊಡಲು ಜಾಗ ಕೇಳುವವರು ಪ್ರತಿವರ್ಷ ಬರುತ್ತಾರೆ. ಯಂತ್ರ ಊರಲ್ಲೇ ಇದೆಯೆಂದಾದರೆ ಇಳಿಜಾರು ಉತ್ತು ಮಡಿ ಮಾಡಿಕೊಡುವ ಕೆಲಸವೂ ನಮಗೇ ಬರುತ್ತದೆ. ಬ್ಯಾಣ ಮುಗಿದ ಮೇಲೆ ಸೊಪ್ಪಿನಬೆಟ್ಟದ ಅಂಚು. ಸೊಪ್ಪಿನಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು ತರುವ ಸವಲತ್ತು ಮಾತ್ರ, ಉಳುವ ಹಕ್ಕಲ್ಲ. ಆದರೆ ಗಡಿ ಎಂಬುದು ವರ್ಷಕ್ಕೆ ಒಂದು ಮಾರು ಸರಿಯುವುದನ್ನು ಮಲೆನಾಡಿಗರಿಗೆ ನಾನು ವಿವರಿಸಬೇಕೆ?

ಇದನ್ನೇ ನಾನು ಯಂತ್ರದ ಹಸಿವು ಎನ್ನುವುದು. ಎತ್ತಿಗೂ ಹಸಿವಿತ್ತು. ಆದರೆ ಅದು ಬ್ಯಾಣದ ಹುಲ್ಲನ್ನೇ ಬೇಡುತ್ತಿತ್ತು, ಆದ್ದರಿಂದ ಬ್ಯಾಣ ಬ್ಯಾಣವಾಗಿ ಉಳಿಯಿತು, ಸೆಗಣಿ ತೋಟಕ್ಕೆ ಬಂತು. ಯಂತ್ರಕ್ಕೆ ಬೇಕಾದುದು ಗಂಟೆ. ಇಳಿಜಾರಿನ ಜಂಬಿಟ್ಟಿಗೆ ಮಣ್ಣನ್ನು ಬೇಸಗೆಯಲ್ಲಿ ರೋಟವೇಟರಿನಿಂದ ಪುಡಿಮಾಡಿ ಬಿಟ್ಟು, ಅದರ ಮೇಲೆ ನಮ್ಮ ಕಡೆಯ ಮಳೆ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮೇಲ್ಮಣ್ಣು ಕೊಚ್ಚಿಹೋದರೂ ಅದು ಐದು ಟನ್. ಅಷ್ಟೂ ಬಂದು ಕೂರುವುದು ಕೆಳಗಿನ ಅದೇ ಗದ್ದೆಯಲ್ಲಿ, ಅದೇ ಕೆರೆಯಲ್ಲಿ. 2018ರ ಆಗಸ್ಟಿನ ಕೊಡಗನ್ನೂ 2021ರ ಜುಲೈಯ ಕಳಚೆಯನ್ನೂ ಕಂಡ ಮೇಲೆ ಇಳಿಜಾರಿಗೆ ಕೈಹಾಕುವ ಮುನ್ನ ಎರಡು ಬಾರಿ ಯೋಚಿಸದವರನ್ನು ಏನೆನ್ನಬೇಕೋ ತಿಳಿಯದು. ಭೂಕುಸಿತಕ್ಕೆ ಕಾರಣಗಳು ಹಲವು, ಎಲ್ಲವನ್ನೂ ನೇಗಿಲಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಹುಲ್ಲಿನ ಬೇರು ಹಿಡಿದಿಟ್ಟ ಗುಡ್ಡವನ್ನು ನಾವಾಗಿ ಬಿಚ್ಚುವುದೇಕೆ?

ಮಿನಿ ಟ್ರ್ಯಾಕ್ಟರಿನ ಅಗಲ ಕಡಿಮೆ, ಅಡ್ಡ ಇಳಿಜಾರಿನಲ್ಲಿ ಅದು ಮಗುಚುವುದೂ ಸುಲಭ. ಭಾರ ಕಟ್ಟಿಕೊಂಡು ಏರು ಹತ್ತುವಾಗ ಮುಂಗಾಲು ಎದ್ದರೆ ಓಡಿಸುವವನಿಗೆ ಯೋಚಿಸಲು ಒಂದು ಸೆಕೆಂಡೂ ಸಿಗುವುದಿಲ್ಲ. ಬ್ಯಾಣಕ್ಕೆ ಯಂತ್ರ ಬೇಡವೆನ್ನಲು ಇದೊಂದೇ ಕಾರಣ ಸಾಕಾಗಿತ್ತು.

ಹಾಗಿದ್ದೂ ನಾನು ಕೊಳ್ಳೋಣ ಎನ್ನುವ ಪಕ್ಷದಲ್ಲಿದ್ದೇನೆ, ಅದೂ ಹಳೆಯದನ್ನೇ. ಹೊಸ ಯಂತ್ರವನ್ನು ಸಾಲ ಮಾಡಿ ಕೊಂಡರೆ ಏನಾಗುತ್ತದೆ ನೋಡಿ. ಉಪಕರಣ ಸೇರಿ ಐದೂವರೆ ಲಕ್ಷ ಎಂದಿಟ್ಟುಕೊಂಡು, ಆರು ವರ್ಷದ ಕೊನೆಗೆ 2,20,000 ಬಂದೀತೆಂದರೂ ಸವಕಳಿ, ಬಡ್ಡಿ, ವಿಮೆಗಳು ಕೂಡಿ ವರ್ಷಕ್ಕೆ ಒಂದು ಲಕ್ಷ. ಅದರ ದುರಸ್ತಿ ವೆಚ್ಚ ಹಳೆಯದಕ್ಕಿಂತ ಗಂಟೆಗೆ 40 ರೂಪಾಯಿ ಕಡಿಮೆ ಎಂದು ಹಿಡಿದರೂ, ಬಾಡಿಗೆಯ ದರಕ್ಕೆ ಸರಿಗಟ್ಟಲು ಅದು 267 ಗಂಟೆ ಓಡಲೇಬೇಕು. ಹಳೆಯದಕ್ಕೆ 155 ಸಾಕು. ನಮ್ಮ 110ಕ್ಕೂ 155ಕ್ಕೂ ನಡುವೆ ಇರುವ ಅಂತರವನ್ನು ಗಂಟೆಯಿಂದ ತುಂಬದೆ ಹಣದಿಂದಲೇ ತುಂಬಬಹುದು. ಗಂಟೆಗೆ ಹೆಚ್ಚುವರಿ 138 ರೂಪಾಯಿ, 110 ಗಂಟೆಗೆ 15,180, ಎಕರೆಗೆ 1,380. ಮಳೆ ಬಂದ ದಿನವೇ ಗದ್ದೆಗಿಳಿಯುವ ಸ್ವಾತಂತ್ರ್ಯಕ್ಕೆ ನಾವು ತೆರುವ ಬೆಲೆ ಇದು. 2025-26ರ ಮುಂಗಾರಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಆ ದರದಲ್ಲಿ 1,380 ರೂಪಾಯಿ ಎಂದರೆ ಅರವತ್ತು ಕಿಲೋ ಭತ್ತಕ್ಕಿಂತ ತುಸು ಕಡಿಮೆ. ನಲವತ್ತೆರಡು ದಿನದ ಅಗೆ ನೆಟ್ಟು ಕಳೆದ ವರ್ಷ ನಾವು ಕಳಕೊಂಡುದು ಎಕರೆಗೆ ಇದರ ಹಲವು ಪಟ್ಟು.

ಐದು ಮನೆಗಳಲ್ಲಿ ಒಂದರ ಯುವಕ ಇದನ್ನು ಒಪ್ಪಲಿಲ್ಲ. “ಅಣ್ಣಾ, ಈ ಲೆಕ್ಕ ತಿಂಗಳ ಸಂಬಳ ಬರುವ ನಿಮಗೆ ಸರಿ. ನನಗಿರುವುದು ಅರ್ಧ ಎಕರೆ ಗದ್ದೆ, ಎರಡು ಎಕರೆ ಬ್ಯಾಣ. ನನ್ನ ಪಾಲಿನ ಐವತ್ತೆರಡು ಸಾವಿರ ಹಾಕಿ, ಬ್ಯಾಣಕ್ಕೆ ಯಂತ್ರ ಇಳಿಸಬಾರದು ಎಂದರೆ ನಾನು ಏನು ಮಾಡಲಿ?” ಎಂದು ನೇರವಾಗಿ ಕೇಳಿದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವನು ಕೇಳಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ, ತಪ್ಪಿದ್ದುದು ಬೆಲೆಯನ್ನು ಐದು ಸಮಪಾಲು ಮಾಡಿದ ನಮ್ಮ ಲೆಕ್ಕದಲ್ಲಿ. ಸಮಪಾಲು ಎಂದೊಡನೆ ಅರ್ಧ ಎಕರೆಯವನೂ ನಾಲ್ಕು ಎಕರೆಯವನೂ ಒಂದೇ ಮೊತ್ತ ಹಾಕುತ್ತಾರೆ. ಅರ್ಧ ಎಕರೆಯವನು ತನ್ನ ಹಣ ಹೊರಡಿಸಲು ಗುಡ್ಡ ಹತ್ತಲೇಬೇಕಾಗುತ್ತದೆ. ಅಂದರೆ ಯಂತ್ರದ ಹಸಿವನ್ನು ಅವನೊಬ್ಬನ ಬೆನ್ನಿಗೆ ಕಟ್ಟಿದವರು ನಾವೇ. ಗದ್ದೆಯ ವಿಸ್ತೀರ್ಣದ ಮೇಲೆ ಪಾಲು ಹಾಕಿದರೆ ಎಕರೆಗೆ ಸುಮಾರು 23,600. ಅವನ ಪಾಲಿಗೆ 11,800 ಬರುತ್ತದೆ. ಸಾಗಣೆಯ ಕೆಲಸಕ್ಕೆ ಬಳಸಿದಷ್ಟು ಗಂಟೆಗೆ ಎಲ್ಲರೂ ದರ ಕೊಡಲಿ. ಇದನ್ನು ಹೇಳಿದಾಗ ನಾಲ್ಕು ಎಕರೆಯವರ ಮುಖ ತುಸು ಬಾಡಿತು. ಆ ಮನೆಯ ಹಿರಿಯರು ಮಾತ್ರ “ಮುಯ್ಯಾಳು ಇದ್ದಾಗಲೂ ದೊಡ್ಡ ಗದ್ದೆಯವ ಹೆಚ್ಚು ದಿನ ತೀರಿಸುತ್ತಿದ್ದ ತಮ್ಮಾ, ಇದರಲ್ಲಿ ಹೊಸತೇನಿದೆ” ಎಂದರು.

ಬ್ಯಾಣದ ಆದಾಯದ ಪ್ರಶ್ನೆ ಅದರಿಂದ ಪರಿಹಾರವಾಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅವನು ಬೇರೆಯವರ ಯಂತ್ರ ತರಿಸಿ ಶುಂಠಿ ಹಾಕಿದರೆ ತಡೆಯುವ ಅಧಿಕಾರ ನನಗಿಲ್ಲ. ಐದು ಮನೆಗಳ ಯಂತ್ರ ಆ ಕೆಲಸಕ್ಕೆ ಹೋಗಬಾರದು ಎಂದಷ್ಟೇ ನನ್ನ ವಾದ, ಮತ್ತು ಅದು ಹಣ ಕೊಡುವ ಮೊದಲೇ ಪುಸ್ತಕದಲ್ಲಿ ಬರೆದು ಸಹಿಯಾಗಬೇಕು. ಯಂತ್ರ ಬಂದ ಮೇಲೆ ಬರೆಯುವ ನಿಯಮ ಯಂತ್ರದ ಪರವಾಗಿಯೇ ಇರುತ್ತದೆ.

ಇನ್ನು ಎರಡು ಯಂತ್ರಗಳಲ್ಲಿ ಯಾವುದು? ಸಕಾಲಕ್ಕೆ ಕೆಲಸವಾಗಲೆಂದೇ ಕೊಳ್ಳುವುದಾದರೆ ಆರ್ದ್ರಾ ಮಳೆಯಲ್ಲಿ ಕೆಟ್ಟು ನಿಲ್ಲುವ ಯಂತ್ರ ಪುಕ್ಕಟೆ ಸಿಕ್ಕರೂ ಬೇಡ.

ಮೊದಲನೆಯದು ಹೊಸ ಬಣ್ಣ ಬಳಿದುಕೊಂಡು ಮದುವಣಗಿತ್ತಿಯಂತೆ ನಿಂತಿತ್ತು. ಬೆಲೆ 2,35,000. ಗಂಟೆ ಮೀಟರು ತೋರಿಸುತ್ತಿದ್ದುದು 1,140. ಬೆಳಗ್ಗೆ ಏಳಕ್ಕೇ ಬರುತ್ತೇವೆಂದು ಹೇಳಿ ಹೋಗಿದ್ದೆವು. ಎಂಜಿನ್ನಿಗೆ ಕೈಯಿಟ್ಟರೆ ಆಗಲೇ ಬೆಚ್ಚಗಿತ್ತು. ತಣ್ಣಗಿರುವಾಗ ಶುರುವಾಗದ ಎಂಜಿನ್ನನ್ನು ಹೀಗೆ ಮೊದಲೇ ಓಡಿಸಿ ಇಡುತ್ತಾರೆ, ಆದ್ದರಿಂದ ಅದೊಂದೇ ಸಂಗತಿ ನಮಗೆ ಎಚ್ಚರಿಕೆಯಾಯಿತು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ; ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಯಂತ್ರ 2020ರದು, ಹಿಂದಿನ ಎರಡೂ ಟೈರು 2024ರವು. ಸಾವಿರದ ನೂರು ಗಂಟೆಗೆ ಎರಡೂ ಟೈರು ಸವೆದು ಬದಲಾಗುವುದುಂಟೆ? ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿತ್ತು, ಉಪಕರಣ ಸಿಕ್ಕಿಸುವ ಕೈಗಳ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿತ್ತು. ರೋಟವೇಟರನ್ನು ಎತ್ತಿ ಎಂಜಿನ್ ನಿಲ್ಲಿಸಿದರೆ ನಾವು ಚಹ ಕುಡಿದು ಮುಗಿಸುವುದರೊಳಗೆ ಅದು ನೆಲಕ್ಕೆ ಕೂತಿತ್ತು. ಮೋಸವೆಂದು ನಾನು ಹೇಳಲಾರೆ, ಕೆಟ್ಟ ಮೀಟರಿನ ಬದಲು ಹೊಸದು ಹಾಕಿರಲೂಬಹುದು. ಆದರೆ ಬಾಡಿಗೆಯ ಯಂತ್ರ ಹತ್ತು ಕೈಗಳಲ್ಲಿ ಓಡಿರುತ್ತದೆ. ಅದರ ಸವೆತ ಎಂಜಿನ್ನಿಗಿಂತ ಮೊದಲು ಕಾಣುವುದು ಕ್ಲಚ್ಚಿನಲ್ಲಿ, ಹೈಡ್ರಾಲಿಕ್ಕಿನಲ್ಲಿ, ಮುಂದಿನ ಆಕ್ಸಲಿನ ಪಿನ್ನಿನಲ್ಲಿ.

ಎರಡನೆಯದು ಬಿಸಿಲಿಗೆ ಬಣ್ಣ ಮಾಸಿದ, 2,310 ಗಂಟೆ ಓಡಿದ, 2019ರ ಯಂತ್ರ. ಟೈರೂ ಅದೇ ವರ್ಷದ್ದು. ಅದನ್ನು ಹೆಚ್ಚಾಗಿ ಓಡಿಸಿದವರು ಒಬ್ಬರೇ ಚಾಲಕರು, ಮತ್ತು ಅವರ ಬಳಿ ಶಾಲಾ ಮಕ್ಕಳ ನೋಟ್‌ಬುಕ್ಕಿನಲ್ಲಿ ಆಯಿಲ್ ಬದಲಿಸಿದ, ಬೇರಿಂಗ್ ಹಾಕಿದ ತಾರೀಕುಗಳೆಲ್ಲ ಇದ್ದವು. ಯಜಮಾನರಿಗಿಂತ ಚಾಲಕರೊಡನೆ ಮಾತಾಡಿದ್ದೇ ನಮಗೆ ಹೆಚ್ಚು ಉಪಯೋಗಕ್ಕೆ ಬಂತು. ತಣ್ಣನೆಯ ಎಂಜಿನ್ ಎರಡನೆಯ ಸಲಕ್ಕೆ ಹೊತ್ತಿಕೊಂಡಿತು. ಮೊದಲು ಬಂದ ಬಿಳಿ ಹೊಗೆ ಕಾದ ಮೇಲೆ ನಿಂತಿತು. ನೀಲಿ ಹೊಗೆ ಬಂದಿದ್ದರೆ ಆಯಿಲ್ ಸುಡುತ್ತಿದೆಯೆಂದು ಅಲ್ಲಿಂದಲೇ ಹಿಂದಿರುಗುತ್ತಿದ್ದೆವು. ಕೆಸರಿನಲ್ಲಿ ದುಡಿದ ಯಂತ್ರಕ್ಕೆ ಇನ್ನೊಂದು ಪರೀಕ್ಷೆ ಬೇಕು: ಹಿಂದಿನ ಆಕ್ಸಲಿನ ಎಣ್ಣೆಯನ್ನು ತುಸು ಇಳಿಸಿ ನೋಡುವುದು. ನೀರು ಸೇರಿದ್ದರೆ ಅದು ಹಾಲಿನಂತಿರುತ್ತದೆ. ಇದರಲ್ಲಿ ಸ್ವಲ್ಪ ಹಾಲು ಬಣ್ಣ ಕಂಡಿತು. ಆಯಿಲ್ ಸೀಲುಗಳನ್ನು ಬದಲಿಸಿ ಕೊಡಬೇಕು, ಇಲ್ಲವೆ ಬೆಲೆಯಲ್ಲಿ ಕಳೆಯಬೇಕು ಎಂದು ಕೇಳಿದ್ದೇವೆ. ನಮ್ಮ ಪಠ್ಯಪುಸ್ತಕಗಳು ಟ್ರ್ಯಾಕ್ಟರಿನ ಆಯುಷ್ಯವನ್ನು ಹತ್ತು ಸಾವಿರ ಗಂಟೆಯೆಂದು ಹಿಡಿಯುತ್ತವೆ. ಬಾಡಿಗೆಯ ಕೆಸರಿನಲ್ಲಿ ಅಷ್ಟು ಬಾಳುತ್ತದೆಂದು ನಾನು ನಂಬುವುದಿಲ್ಲ, ಆದರೆ ವರ್ಷಕ್ಕೆ 110ರಂತೆ ಆರು ವರ್ಷಕ್ಕೆ ನಮಗೆ ಬೇಕಾದುದು 660 ಮಾತ್ರ.

ಕಾಗದಪತ್ರಗಳು ಇನ್ನೂ ಕೈಸೇರಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಅಡಮಾನ ದಾಖಲಾಗಿದ್ದರೆ ಸಾಲ ತೀರಿದ ಪತ್ರವೂ ಫಾರಂ 35ರೂ ಬೇಕು, ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಸಹಾಯಧನದಲ್ಲಿ ಬಂದ ಯಂತ್ರವಾದರೆ ಮಾರಲು ಇಲಾಖೆಯ ಅಡ್ಡಿ ಇಲ್ಲವೆಂಬುದನ್ನು ಬರಹದಲ್ಲಿಯೇ ಪಡೆಯಬೇಕು. ಇವೆಲ್ಲ ಬರುವ ತನಕ ಮುಂಗಡ ಕೊಡುವುದಿಲ್ಲ ಎಂದು ಹೇಳಿ ಬಂದಿದ್ದೇವೆ. ಯಜಮಾನರು ಯುಗಾದಿಯವರೆಗೆ ಗಡುವು ಕೊಟ್ಟಿದ್ದಾರೆ. ಚಾಲಕರು ಎರಡು ದಿನ ನಮ್ಮೂರಿಗೆ ಬಂದು ಓಡಿಸಲು ಕಲಿಸಿಕೊಡುವುದಾಗಿ ಒಪ್ಪಿದ್ದಾರೆ; ಕಲಿಯಲು ಮುಂದೆ ಬಂದವಳು ನಾಲ್ಕು ಎಕರೆಯವರ ಮನೆಯ ಸೊಸೆ.

ಬರುವ ಭಾನುವಾರ ಶಾಲೆಯ ಜಗುಲಿಯಲ್ಲಿ ಐದೂ ಮನೆಯವರು ಕೂರುತ್ತೇವೆ. ಪಾಲಿನ ಲೆಕ್ಕ, ಬ್ಯಾಣದ ನಿಯಮ ಎರಡೂ ಅಂದೇ ಬರಹಕ್ಕೆ ಬರಬೇಕು. ಎರಡರಲ್ಲಿ ಒಂದಕ್ಕೆ ಒಪ್ಪಿಗೆ ಸಿಗದಿದ್ದರೂ ಕೊಳ್ಳಬೇಡಿ ಎಂದು ಹೇಳುವವನು ನಾನೇ. ಕೂಡು ಯಂತ್ರ ಇಟ್ಟುಕೊಂಡ ಬೇರೆ ಊರುಗಳವರು, ನಟ್ಟನಡುವೆ ದೊಡ್ಡ ದುರಸ್ತಿ ಬಂದಾಗ ಅದರ ಖರ್ಚನ್ನು ಹೇಗೆ ಹಂಚಿಕೊಂಡಿರಿ ಎಂಬುದನ್ನು ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಆ ಒಂದು ಪುಟ ನಮ್ಮ ಪುಸ್ತಕದಲ್ಲಿ ಇನ್ನೂ ಖಾಲಿಯಿದೆ.